ಹಗ್ಗದ ಸುತ್ತಿನೊಳಗೆ ಇಟ್ಟ ಕಾಲು

1948ರ ಅಕ್ಟೋಬರ್. ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿ. ಮುಂದೆ ಮುಂಬಯಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಸಾಕ್ಷ್ಯಚಿತ್ರಗಳ ಕ್ಯಾಮೆರಾಮನ್ ಆಗಿ ದುಡಿದೆ. ಆ ಕೆಲಸದ ಮೊದಲ ಪಾಠಗಳನ್ನು ಕಲಿತದ್ದು ಮಾತ್ರ ಬೈಂದೂರಿನ ಆಚೆ, ಶಿರೂರಿನ ಕಡಲ ತೀರದಲ್ಲಿ. ನಾವು ವಿದ್ಯಾರ್ಥಿಗಳು ಅಲ್ಲಿ ರಂಪಣಿ ಮೀನುಗಾರಿಕೆಯ ಮೇಲೆ ಒಂದು ಚಿಕ್ಕ ಚಿತ್ರ ತೆಗೆಯಲು ಹೋಗಿದ್ದೆವು.

ಭೌತಶಾಸ್ತ್ರದ ಉಪನ್ಯಾಸಕರ ಹತ್ತಿರ ಕೀಲಿ ಕೊಟ್ಟು ಓಡಿಸುವ ಒಂದು 16 ಎಂ.ಎಂ. ಕ್ಯಾಮೆರಾ ಇತ್ತು. ಒಮ್ಮೆ ಕೀಲಿ ತಿರುಗಿಸಿದರೆ ಸುಮಾರು ಅರ್ಧ ನಿಮಿಷ ಓಡುತ್ತಿತ್ತು. ನಮಗೆ ಸಿಕ್ಕಿದ್ದು ಎರಡೇ ರೀಲು. ಒಂದೊಂದು ನೂರು ಅಡಿ, ಅಂದರೆ ನಾಲ್ಕು ನಿಮಿಷದ ಚಿತ್ರ.

ಕ್ಯಾಮೆರಾದ ಕೈಪಿಡಿಯನ್ನು ಬಾಯಿಪಾಠ ಮಾಡಿದವನು ನಾನು. ಯಾವ ದೃಶ್ಯಕ್ಕೆ ಎಷ್ಟು ಅಡಿ ಎಂದು ಪಟ್ಟಿ ಬರೆದವನೂ ನಾನೇ. ಆದರೆ ಉಪನ್ಯಾಸಕರು ಕ್ಯಾಮೆರಾ ಕೊಟ್ಟದ್ದು ನನ್ನ ಸಹಪಾಠಿ, ಸಾಲಿಗ್ರಾಮದ ವಾಸುವಿಗೆ. "ಅವನ ಕೈ ಅಲುಗುವುದಿಲ್ಲ" ಎಂದರು. ಅದು ನಿಜವಾಗಿತ್ತು. ಬೆಳಕೂ ಅವನಿಗೆ ಕಣ್ಣಳತೆಯಲ್ಲೇ ತಿಳಿಯುತ್ತಿತ್ತು. ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿ, ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಎಷ್ಟು ತೆರೆಯಬೇಕೆಂದು ಹೇಳಿಬಿಡುತ್ತಿದ್ದ. ನಾನು ಕೋಷ್ಟಕ ನೋಡಿ ಹತ್ತು ನಿಮಿಷ ಲೆಕ್ಕ ಹಾಕಿದರೂ ಬರುತ್ತಿದ್ದುದು ಅದೇ ಅಂಕಿ. ಒಮ್ಮೆಯಾದರೂ ಅವನು ತಪ್ಪಿದ್ದರೆ ನನಗೆ ಅಂದಿನ ಊಟ ರುಚಿಸುತ್ತಿತ್ತು.

ರಂಪಣಿಯ ಕ್ರಮ ಹೀಗೆ. ಉದ್ದ ಹಗ್ಗದ ಒಂದು ತುದಿಯನ್ನು ದಡದಲ್ಲಿ ಹತ್ತಾರು ಜನ ಹಿಡಿದು ನಿಲ್ಲುತ್ತಾರೆ. ದೋಣಿ ಆ ಹಗ್ಗವನ್ನು ಬಿಡುತ್ತಾ ಹೊರಟು, ಕಡಲಲ್ಲಿ ದೊಡ್ಡ ಬಲೆಯನ್ನು ಕಮಾನಿನಂತೆ ಇಳಿಸಿ, ಇನ್ನೊಂದು ಹಗ್ಗದೊಂದಿಗೆ ದಡಕ್ಕೆ ಮರಳುತ್ತದೆ. ಆಮೇಲೆ ಎರಡೂ ಕಡೆಯಿಂದ ಜನ ಎಳೆಯುತ್ತಾರೆ. ನಾವು ಹತ್ತಿದ ದೋಣಿಯ ಮುಖ್ಯಸ್ಥ, ಅಂದರೆ ತಂಡೇಲ, ಸೂರ ಮರಕಾಲ. ಐವತ್ತರ ಆಸುಪಾಸಿನ ಮನುಷ್ಯ.

"ಹ್ವಾಯ್ ಅಯ್ಯ, ಆ ಪೆಟ್ಗಿಯೊಳ್ಗೆ ಮೀನ್ ಬೀಳತ್ತಾ?" ಎಂದು ಅವನು ವಾಸುವನ್ನು ಕೇಳಿದ.

"ಮೀನಲ್ಲ ಮಾರಾಯ್ರೆ, ನಿಮ್ ಮೋರಿ ಬೀಳತ್ತ್."

"ನಮ್ ಮೋರಿ ತಕಂಡ್ ಮಂಗ್ಳೂರಗೆ ಎಂತ ಮಾಡ್ತ್ರಿ? ಉಪ್ಪ್ ಹಾಕಿ ಒಣ್ಗ್ಸೂದಾ?"

ದೋಣಿಯವರೆಲ್ಲ ನಕ್ಕರು. ತಂಡೇಲ ನಗು ನಿಲ್ಲಿಸಿ, ದೋಣಿಯ ನಡುವೆ ಸುತ್ತಿಟ್ಟಿದ್ದ ನಾರಿನ ಹಗ್ಗವನ್ನು ತೋರಿಸಿದ. "ತಮಾಷಿ ಸಾಕ್. ಈ ಸುತ್ತೊಳ್ಗೆ ಮಾತ್ರ ಕಾಲ್ ಹಾಕ್ಬೇಡಿ."

ಕ್ಯಾಮೆರಾಕ್ಕೆ ಕಣ್ಣು ಕೊಟ್ಟವನಿಗೆ ತನ್ನ ಕಾಲು ಕಾಣುವುದಿಲ್ಲ. ಅದಕ್ಕಾಗಿ ಉಪನ್ಯಾಸಕರು ನನಗೊಂದು ಕೆಲಸ ಕೊಟ್ಟಿದ್ದರು. ವಾಸುವಿನ ಹಿಂದೆ ನಿಂತು ಅವನ ಹೆಗಲ ಮೇಲೆ ಕೈ ಇಡುವುದು. ಅಪಾಯ ಕಂಡರೆ ಒತ್ತುವುದು, ಅಷ್ಟೆ. ದೋಣಿ ಹತ್ತುವಾಗ ವಾಸುವೂ ಹೇಳಿದ್ದ: "ರಾಘು, ನನ್ ಕಾಲ್ ನೀ ಕಾಣ್. ನಾ ಕಡ್ಲ್ ಕಾಂತೆ."

ಬೆಳಿಗ್ಗೆ ಎಂಟು ಗಂಟೆಯ ಹೊತ್ತು. ಹಗ್ಗ ಸುತ್ತು ಸುತ್ತಾಗಿ ಬಿಚ್ಚಿಕೊಂಡು ಅಂಚಿನ ಮೇಲಿಂದ ನೀರಿಗೆ ಜಾರುತ್ತಿತ್ತು. ವಾಸು ಕ್ಯಾಮೆರಾ ತಾನೇ ಓಡುವಂತೆ ಗುಂಡಿಯನ್ನು ಲಾಕ್ ಮಾಡಿ ಹುಟ್ಟು ಹಾಕುವವರನ್ನು ಚಿತ್ರಿಸುತ್ತಿದ್ದ. ಚೌಕಟ್ಟಿಗೆ ಎಲ್ಲರೂ ಬರಲೆಂದು ಅರ್ಧ ಹೆಜ್ಜೆ ಹಿಂದೆ ಸರಿದ. ಎಡಗಾಲು ಹಗ್ಗದ ಸುತ್ತಿನೊಳಗೆ ಇಳಿಯಿತು.

ನಾನು ನೋಡಿದೆ. ನನ್ನ ಕೈ ಅವನ ಹೆಗಲ ಮೇಲೆಯೇ ಇತ್ತು. ಒತ್ತಲಿಲ್ಲ. ಎಡವಲಿ, ಚಿತ್ರ ಅಲುಗಲಿ, ನಾಳೆ ಕ್ಯಾಮೆರಾ ನನಗೆ ಬರಲಿ ಎಂದುಕೊಂಡೆ. ಎರಡು ಉಸಿರಿನಷ್ಟು ಹೊತ್ತು. ಸಾಯಲಿ ಎಂದು ಬಯಸಿರಲಿಲ್ಲ. ಇದನ್ನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಹಗ್ಗ ಬಿಗಿಯಿತು. ನನ್ನ ಕೈಯಡಿಯಿಂದ ಹೆಗಲು ಕಿತ್ತುಹೋಯಿತು. ವಾಸು ಅಂಚಿಗೆ ಬಡಿದು, ಕ್ಯಾಮೆರಾವನ್ನು ದೋಣಿಯೊಳಗೆ ಬಿಟ್ಟು, ತಲೆ ಕೆಳಗಾಗಿ ನೀರಿಗೆ ಬಿದ್ದ. ದಡದವರಿಗೆ ಏನೂ ಗೊತ್ತಿಲ್ಲ, ಅವರು ಹಿಡಿದೇ ಇದ್ದರು. ತಂಡೇಲ ಕತ್ತಿ ಹಿಡಿದು ಓಡಿಬಂದು ಎರಡೇ ಏಟಿಗೆ ಹಗ್ಗ ಕಡಿದ. ಅಲ್ಲಿಗೆ ಹಗ್ಗ ಹಿಡಿದವರ ಅಷ್ಟೂ ಮನೆಗಳ ಆ ದಿನದ ಮೀನು ಹೋಯಿತು. ಇಬ್ಬರು ನೀರಿಗೆ ಹಾರಿ ವಾಸುವನ್ನು ಎತ್ತಿದರು. ಉಸಿರಿತ್ತು. ಪಾದ ಹಿಂದುಮುಂದಾಗಿ ತಿರುಗಿತ್ತು.

ದಡಕ್ಕೆ ಬಂದ ಮೇಲೆ ತಂಡೇಲ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ನಿಮ್ಗ್ ಕಂಡಿತ್ತ್, ಅಲ್ದಾ ಅಯ್ಯ? ಬಾಯೊಳ್ಗೆ ಎಂತ ಇದ್ದಿತ್ತ್?"

ನಾನು ಕ್ಯಾಮೆರಾ ತರಲು ದೋಣಿಯ ಕಡೆ ನಡೆದೆ.

ಮರುವಾರ ಕ್ಯಾಮೆರಾ ನನಗೆ ಬಂತು. ಎರಡನೆಯ ರೀಲಿಗಾಗಿ ಶಿರೂರಿಗೆ ಹೋದಾಗ ತಂಡೇಲ ದೋಣಿಗೆ ಹತ್ತಿಸಲಿಲ್ಲ. "ದಡದಲ್ಲ್ ನಿಂತ್ಕಂಡ್ ತೆಗೀರಿ. ನಮ್ ದೋಣಿಗ್ ನೀವ್ ಬಪ್ಪುದ್ ಬೇಡ." ದಡದಲ್ಲಿ ನಿಂತೂ ನಾನು ಗಳಿಗೆಗೊಮ್ಮೆ ನನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದೆ. ಆ ರೀಲು ಪೂರ್ತಿ ಅಲುಗಿದೆ.

ಜನವರಿಯಲ್ಲಿ ಕಾಲೇಜಿನಲ್ಲಿ ಚಿತ್ರ ತೋರಿಸಿದರು. ಊರುಗೋಲು ಹಿಡಿದ ವಾಸು ನನ್ನ ಪಕ್ಕದಲ್ಲೇ ಕುಳಿತ. ಪರದೆಯ ಮೇಲೆ ಹುಟ್ಟು ಹಾಕುವವರ ತೋಳುಗಳು, ಅವುಗಳ ಮೇಲೆ ಬಿಸಿಲು. ಅಂಥ ಚಿತ್ರವನ್ನು ನಾನು ಮುಂದೆಂದೂ ತೆಗೆಯಲಿಲ್ಲ. ಮುರಿದ ಕಾಲಿನ ಅವನು ಪಕ್ಕದಲ್ಲೇ ಇದ್ದರೂ ಅದನ್ನು ನೋಡಿ ನನಗೆ ಮೊದಲು ಹುಟ್ಟಿದ್ದು ಹೊಟ್ಟೆಕಿಚ್ಚೇ. ಬಳಿಕ ಚಿತ್ರ ಉರುಳಿತು. ಬಿದ್ದ ಕ್ಯಾಮೆರಾ ಹಲಗೆಯ ಮೇಲೆ ಓಡುತ್ತಲೇ ಇತ್ತೆಂದು ನಮಗೆ ತಿಳಿದದ್ದು ಆಗ. ಮಸುಕಾಗಿ ಎರಡು ಪಾದ. ಅವುಗಳ ಪಕ್ಕದಲ್ಲಿ ತಂಡೇಲನ ಕಾಲು ಓಡಿತು, ಇನ್ನಿಬ್ಬರ ಕಾಲು ನೆಗೆಯಿತು. ಆ ಎರಡು ಪಾದ ಮಾತ್ರ ಕೊನೆಯವರೆಗೂ ಅಲುಗಲಿಲ್ಲ.

"ಅದ್ ನಿನ್ ಕಾಲ್ ಅಲ್ದನಾ?" ವಾಸು ಕೇಳಿದ.

"ಹೌದು."

"ಹೆದ್ರಿದ್ಯಾ?"

"ಹೌದು" ಎಂದೆ. ಅವನು ನನ್ನ ಮೊಣಕೈ ತಟ್ಟಿದ. ಸಮಾಧಾನ ಮಾಡುವವನ ಹಾಗೆ.

ಬೆಳಕು ಅಳೆಯುವುದು, ಫಿಲ್ಮ್ ಉಳಿಸುವುದು, ಚೌಕಟ್ಟು ಕಟ್ಟುವುದು, ಎಲ್ಲವನ್ನೂ ಅಲ್ಲೇ ಕಲಿತೆ. ಇವುಗಳನ್ನು ಬೇರೆಲ್ಲಾದರೂ ಕಲಿಯಬಹುದಿತ್ತು. ವೃತ್ತಿಯಲ್ಲಿ ನನ್ನ ಸಹಾಯಕರಿಗೆ ಮೊದಲ ದಿನವೇ ಹೇಳುತ್ತಿದ್ದ ಮಾತು ಬೇರೆ: ಹೆಗಲ ಮೇಲೆ ಕೈ ಇಟ್ಟವನು ಚಿತ್ರದ ಬಗ್ಗೆ ಯೋಚಿಸಕೂಡದು; ಒತ್ತಬೇಕು, ಚಿತ್ರ ಹಾಳಾದರೆ ಆಗಲಿ. ಅವರು ಅದನ್ನು ಅನುಭವಿಯ ಎಚ್ಚರಿಕೆ ಎಂದು ತಿಳಿದರು. ವಾಸು ಕುಂಟುತ್ತಲೇ ಕೋಟದಲ್ಲಿ ಮೇಷ್ಟರಾಗಿ ನಿವೃತ್ತನಾದ. ಅವನು ಇನ್ನೂ ಇದ್ದಾನೆ, ಓದುತ್ತಾನೆ. ಇದನ್ನು ಅಚ್ಚಿಗೆ ಕೊಡುವ ಮೊದಲು ಅವನಿಗೆ ಕಳಿಸುತ್ತಿದ್ದೇನೆ.