ಲೋಂಡಾ ದಾರಿಗೆ ಹೊಲಿದ ಚಡ್ಡಿ

ನಾನು ಸಿಂಪಿಗ. ಬೆಳಗಾವಿಯ ವಡಗಾವಿ ಭಾಗದ ಓಣಿಯೊಂದರಲ್ಲಿ, ಒಂದು ಬದಿಗೆ ಮಗ್ಗದ ಸದ್ದು ಇನ್ನೊಂದು ಬದಿಗೆ ಹಿಟ್ಟಿನ ಗಿರಣಿಯ ಸದ್ದು ಇದ್ದ ಸಣ್ಣ ಅಂಗಡಿಯಲ್ಲಿ ಆಯುಷ್ಯವೆಲ್ಲ ಬಟ್ಟೆ ಹೊಲಿದೆ. ಓದಿದ್ದು ಹೈಸ್ಕೂಲು ಮಾತ್ರ, ಬರೆಯುವ ರೂಢಿ ಇಲ್ಲ. ಆದರೆ ಈಗೀಗ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತರೆ ಮನಸ್ಸು ನಿಲ್ಲುವುದಿಲ್ಲ. ಕಣ್ಣೆದುರಿಗೆ ಬೂದು ಬಣ್ಣದ ಒಂದು ಚಡ್ಡಿ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಚಡ್ಡಿಯನ್ನು ನಾನು ಹೊಲಿದದ್ದು ನನ್ನ ಗೆಳೆಯನಿಗೆ. ಅವನು ಖಾನಾಪುರದವನು. ಸೋದರಮಾವನ ಮನೆಯಲ್ಲಿದ್ದು ನಾನು ಅಲ್ಲಿ ಹೈಸ್ಕೂಲು ಓದುವಾಗ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನ ಹಿರಿಯರು ಕುರಿ ಕಾಯುತ್ತಿದ್ದರು. ಅವನು ಪೋಸ್ಟ್‌ಮ್ಯಾನ್ ಆಗಿ, ಸೈಕಲ್ ಮೇಲೆ ಊರೂರು ಸುತ್ತಿ, ನಿವೃತ್ತಿಯಾಗಿ ಮನೆಯಲ್ಲಿ ಕೂತ. ಕೂತದ್ದಕ್ಕೇ ಇರಬೇಕು, ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಮತ್ತೆ ಸೈಕಲ್ ಹೊಡೆಯಲು ಹೇಳಿದರು. ಒಬ್ಬನೇ ಹೊಡೆಯಲು ಬೇಸರವೆಂದು ನನ್ನನ್ನೂ ಎಳೆದ. ರವಿವಾರ ಬೆಳಿಗ್ಗೆ ಅವನು ಆ ಕಡೆಯಿಂದ, ನಾನು ಈ ಕಡೆಯಿಂದ ಹೊರಟು ದೇಸೂರಿನ ಹತ್ತಿರದ ಚಹದಂಗಡಿಯಲ್ಲಿ ಕೂಡುತ್ತಿದ್ದೆವು. ಅವನು ಸಕ್ಕರೆ ಇಲ್ಲದ ಚಹ ಕುಡಿಯುವಾಗ ನನ್ನ ಕಪ್ಪನ್ನು ನೋಡಿ ಬೈಯುತ್ತಿದ್ದ. ಹಾಗೆ ಒಂದು ದಿನ ದೂರ ಹೋಗುವ ಹುಕಿ ಹುಟ್ಟಿತು. ಖಾನಾಪುರದಿಂದ ಲೋಂಡಾ, ಲೋಂಡಾದಲ್ಲಿ ಅವನ ಅಳಿಯನ ಮನೆಯಲ್ಲಿ ಉಳಿದು, ಮರುದಿನ ಕ್ಯಾಸಲ್‌ರಾಕ್ ನೋಡಿ ಬರುವುದು.

ಆಗ ಬಟ್ಟೆಯ ಮಾತು ಬಂತು. ಅವನದು ಹಳೆಯ ಖಾಕಿ ಪ್ಯಾಂಟು, ಮೊಣಕಾಲಿನ ಹತ್ತಿರ ಹಿಡಿಯುತ್ತಿತ್ತು. ನನ್ನದು ಪಾಯಿಜಾಮ, ಎರಡು ಸಲ ಚೈನಿಗೆ ಸಿಕ್ಕಿ ಹರಿದಿತ್ತು. ನಾವು ಚಹ ಕುಡಿಯುತ್ತಿದ್ದಾಗ ಬೆಳಗಾವಿಯ ಹುಡುಗರ ಗುಂಪೊಂದು ಮೈಗೆ ಅಂಟಿದ ಮಿರಿಮಿರಿ ಚಡ್ಡಿ ಹಾಕಿಕೊಂಡು ಭರ್ರನೆ ಹೋಯಿತು.

“ಅಂಥಾದ್ದ ತಗೊಳ್ಳೂಣೇನ?” ಎಂದೆ.

“ಅದನ್ನ ಹಾಕ್ಕೊಂಡು ಖಾನಾಪುರ ಬಸ್ ಸ್ಟ್ಯಾಂಡಿನ ಮುಂದ ಇಳದ್ರ ನಮ್ಮಾಕಿ ನನ್ನ ಮನಿಯೊಳಗ ಬಿಟ್ಕೊಳ್ಳೂದಿಲ್ಲ,” ಎಂದ. “ಮೈಗೆ ಹತ್ತಿ ಕುಂದರಬೇಕು, ಗಾಳಿಗೆ ಹಾರಬಾರದು. ಆದ್ರ ಚಾದಂಗಡ್ಯಾಗ ನಾಕ ಮಂದಿ ನಡುವ ಕುಂತ್ರ ಸಾದಾ ಚಡ್ಡಿಯಂಗ ಕಾಣಬೇಕು. ಅಂಥಾದ್ದ ಸಿಗತಾವೇನ ನೋಡು.”

ಸಿಗುತ್ತಿದ್ದವು. ಒಂದು ದಿನ ಅವನು ಬಸ್ಸಿಗೆ ಬಂದ. ಬೆಳಗಾವಿಯ ಕ್ಯಾಂಪ್ ಭಾಗದ ಅಂಗಡಿಯೊಂದಕ್ಕೆ ಇಬ್ಬರೂ ಹೋದೆವು. ಅಂಗಡಿಯವನು ಬೂದು, ಕಪ್ಪು, ಹಸಿರು ಎಂದು ಹರವಿದ. ಹೊರಗೆ ನೋಡಿದರೆ ಅಚ್ಚುಕಟ್ಟಾದ ಸಾದಾ ಚಡ್ಡಿ, ಮೊಣಕಾಲಿನ ಮೇಲಕ್ಕೆ ನಿಲ್ಲುವಂಥದು. ಒಳಗೆ ಬೇರೆ ಒಂದು ಮೆತ್ತನೆಯ ಒಳಚಡ್ಡಿ.

“ಅಜ್ಜಾರ, ಸೀಟಿನ ಮ್ಯಾಲೆ ದಿನಪೂರ್ತಿ ಕುಂದರೂದಿದ್ರ ಇದನ್ನ ತಗೋರಿ. ಒಳಗ ಪ್ಯಾಡ್ ಐತಿ, ತಿಕ್ಕೂದಿಲ್ಲ,” ಎಂದ ಅಂಗಡಿಯವನು.

ಗೆಳೆಯ ಅದನ್ನು ಸೊಂಟಕ್ಕೆ ಹಿಡಿದು ಕನ್ನಡಿ ನೋಡುತ್ತಿದ್ದ. ಮುಖದಲ್ಲಿ ಸಂತೋಷವಿತ್ತು. ತೆಗೆದುಕೊಂಡೇ ಬಿಡುತ್ತಿದ್ದ. ನಾನು ಅದರ ಅಂಚನ್ನು ತಿರುವಿ ಹೊಲಿಗೆ ನೋಡಿದೆ. ಹೊಲಿಗೆ ಚೆನ್ನಾಗಿತ್ತು. ಅದೇ ನನಗೆ ಸಹಿಸಲಾಗಲಿಲ್ಲ. ನನ್ನ ಅಂಗಡಿಗೆ ಬೀಗ ಹಾಕಿ ವರ್ಷಗಳಾಗಿದ್ದವು. ಈಗಿನವರಿಗೆ ರೆಡಿಮೇಡ್ ಸಾಕು, ನನ್ನ ಕೈ ಯಾರಿಗೂ ಬೇಡವಾಗಿತ್ತು. ಇವನಿಗೂ ಬೇಡವಾಯಿತೇ ಎನಿಸಿತು.

“ಇಡಲೇ ಅದನ್ನ,” ಎಂದೆ. “ನಾ ಇನ್ನೂ ಸತ್ತಿಲ್ಲ. ಇದಕ್ಕಿಂತ ಛಂದ ಹೊಲದ ಕೊಡ್ತೀನಿ.”

ಅವನು ಒಂದು ಕ್ಷಣ ಚಡ್ಡಿಯನ್ನು ನೋಡಿ, ಮಡಚಿ ಇಟ್ಟ. “ಖರೇ ಐತಿ. ಮನ್ಯಾಗ ಟೇಲರ್ ಇಟ್ಕೊಂಡು ಹೊರಗ ಯಾಕ? ನಡಿ,” ಎಂದು ಅಂಗಡಿಯವನಿಗೆ ಕೈ ಮುಗಿದು ಹೊರಗೆ ಬಂದ.

ಅರಿವೆ ತಂದು, ನೀರಿಗೆ ಹಾಕಿ ಒಣಗಿಸಿ, ಇಬ್ಬರಿಗೂ ಒಂದೇ ಥಾನಿನಲ್ಲಿ ಕತ್ತರಿಸಿದೆ. ರೈತರು ಧೋತರದೊಳಗೆ ಹಾಕುವ ಪಟ್ಟಾಪಟ್ಟಿ ಚಡ್ಡಿಗೆ ಎರಡು ಕಾಲುಗಳ ನಡುವೆ ಒಂದು ಚೌಕದ ತುಂಡು ಕೂಡಿಸುತ್ತೇವೆ. ಅದಿದ್ದರೆ ಹೊಲಿಗೆಗಳೆಲ್ಲ ಒಂದೇ ಕಡೆ ಬಂದು ಗಂಟಾಗುವುದಿಲ್ಲ. ದಿನವೆಲ್ಲ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತರೂ ತೊಡೆ ಕೆಂಪಾಗುವುದಿಲ್ಲ. ನನ್ನ ತಂದೆ ನನಗೆ ಮೊಟ್ಟಮೊದಲು ಕಲಿಸಿದ ಹೊಲಿಗೆ ಅದು. ಕತ್ತರಿ ಹಿಡಿದಾಗ ಅದು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ತುಂಡು ಹಾಕಿದರೆ ನಡುವೆ ಸ್ವಲ್ಪ ಜೋಲುತ್ತದೆ, ಕ್ಯಾಂಪಿನ ಅಂಗಡಿಯ ಚಡ್ಡಿಯಂತೆ ನೆಟ್ಟಗೆ ಕಾಣುವುದಿಲ್ಲ. ಹಳ್ಳಿಯ ಚಡ್ಡಿ ಹೊಲಿದ ಎಂದು ಅವನು ನಕ್ಕಾನು ಎನಿಸಿತು. ಬಿಟ್ಟೆ.

ಹೊಲಿದಾದ ಮೇಲೆ ನನ್ನದನ್ನು ಹಾಕಿಕೊಂಡು ಪೀರನವಾಡಿ ದಾಟಿ ಹೋಗಿ ಬಂದೆ. ಹೋಗುವಾಗ ಏನೂ ಅನಿಸಲಿಲ್ಲ. ಬರುವಾಗ ಆ ಗಂಟು ಸೀಟಿನ ಮೇಲೆ ಹರಳಿನ ಹಾಗೆ ಒತ್ತತೊಡಗಿತು. ಮನೆಗೆ ಬಂದು ನೋಡಿಕೊಂಡರೆ ಚರ್ಮ ಸುಲಿದಿತ್ತು.

ಬಿಚ್ಚಿ ತುಂಡು ಕೂಡಿಸಬೇಕಿತ್ತು. ಒಂದು ಮಧ್ಯಾಹ್ನದ ಕೆಲಸ. ಆದರೆ ಅವನ ಚಡ್ಡಿಯನ್ನು ಆಗಲೇ ಕಳಿಸಿಬಿಟ್ಟಿದ್ದೆ. ಅವನು ಅದನ್ನು ಹಾಕಿಕೊಂಡು ಓಣಿಯಲ್ಲೆಲ್ಲ ತೋರಿಸಿ, “ಕ್ಯಾಂಪಿನ ಅಂಗಡ್ಯಾವ ನಿನ್ನ ಕಡೆ ಬಂದು ಕಲೀಬೇಕಲೇ,” ಎಂದು ಫೋನ್ ಮಾಡಿದ್ದ. ತಿರುಗಿ ಕಳಿಸು ಎನ್ನಲು ನಾಲಿಗೆ ಹೊರಳಲಿಲ್ಲ.

ಮರುದಿನ ನಾನೊಬ್ಬನೇ ಕ್ಯಾಂಪಿಗೆ ಹೋದೆ. ಅದೇ ಅಂಗಡಿ. ಪ್ಯಾಡ್ ಇರುವ ಒಳಚಡ್ಡಿ ಮಾತ್ರ ಬೇಕೆಂದೆ.

“ನಿಮಗೇನ್ರಿ, ಅಜ್ಜಾರ?”

“ನನಗ ಅಲ್ಲೋ, ಮೊಮ್ಮಗಗ. ನನ್ನಷ್ಟ ಅದಾನ,” ಎಂದೆ.

ಒಂದೇ ಕೊಂಡೆ. ಒಳಗೆ ಅದನ್ನು ಹಾಕಿಕೊಂಡು ಮೇಲೆ ನಾನು ಹೊಲಿದದ್ದನ್ನು ಏರಿಸಿದರೆ ಬಿಗಿಯಾಯಿತು. ನನ್ನದರ ಬದಿಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡೆ. ಹೊರಗಿನಿಂದ ನೋಡಿದರೆ ಇಬ್ಬರದೂ ಒಂದೇ ಚಡ್ಡಿ.

ಮಳೆಗಾಲ ಮುಗಿದು ಚಳಿ ಬಿದ್ದ ಮೇಲೆ ಹೊರಟೆವು. ಖಾನಾಪುರದಲ್ಲಿ ಅವನ ಮನೆಯ ಮುಂದೆ ಅವನ ಹೆಂಡತಿ, ನಮ್ಮ ವೈನಿ, ಇಬ್ಬರನ್ನೂ ನಿಲ್ಲಿಸಿ ನೋಡಿದರು.

“ಬ್ಯಾಂಡ್ ಕಂಪನ್ಯಾವ್ರಂಗ ಕಾಣ್ತೀರಿ ಇಬ್ರೂ,” ಎಂದು ನಕ್ಕರು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟು, “ಅಣ್ಣಾರ, ಇವ್ರಿಗೆ ಶುಗರ್ ಐತಿ, ಒಂದ ಗಾಯ ಆದ್ರ ಲಗೂ ಮಾಯೂದಿಲ್ಲ, ನೀವ ನೋಡ್ಕೋರಿ,” ಎಂದರು. ನಾನು ಹೂಂ ಎಂದೆ.

ಮಲಪ್ರಭಾ ಸೇತುವೆ ದಾಟಿ ಕಾಡು ಶುರುವಾಗುವವರೆಗೆ ಅವನು ಮುಂದೆ, ನಾನು ಹಿಂದೆ. ಗುಂಜಿ ಹತ್ತಿರ ಬಂದಾಗ ಅವನು ಸೀಟಿನ ಮೇಲೆ ಆ ಕಡೆ ಈ ಕಡೆ ಜರುಗಲು ಹತ್ತಿದ. ಆಮೇಲೆ ಪೆಡಲಿನ ಮೇಲೆ ಎದ್ದು ನಿಂತು ತುಳಿದ. ಆಮೇಲೆ ಏರು ಇಲ್ಲದ ಕಡೆಯಲ್ಲೂ ಇಳಿದು ನಡೆದ. ಏನಾಗಿದೆ ಎಂದು ನನಗೆ ಗೊತ್ತಿತ್ತು. ಎಲ್ಲಿ ಆಗಿದೆ ಎಂದೂ ಗೊತ್ತಿತ್ತು. ಜಗತ್ತಿನಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು.

“ಏನಲೇ, ಹೊಸಾ ಮದಿಮಗನಂಗ ಕಾಲ ಎತ್ತಿಡಾಕತ್ತಿ?” ಎಂದು ನಕ್ಕೆ. ಹೌದು, ನಕ್ಕೆ. ಕೇಳದೆ ಸುಮ್ಮನಿದ್ದರೆ ಅವನಿಗೆ ಸಂಶಯ ಬಂದೀತೆಂದು ಹೆದರಿಕೆ.

“ಚಡ್ಡಿ ಬಾಳ ಛಲೋ ಕುಂತೈತಿ ದೋಸ್ತ, ಈ ಸೀಟ ಸುದ್ದ ಇಲ್ಲ,” ಎಂದ.

ನಾನು ಚೀಲದಿಂದ ಪಾನಾ ತೆಗೆದು ಅವನ ಸೀಟನ್ನು ಒಂದಿಷ್ಟು ಇಳಿಸಿ ಕೊಟ್ಟೆ. ಸೀಟು ಸರಿಯಾಗಿಯೇ ಇತ್ತು. ಅವನು ಹತ್ತಿ ಕೂತು ನಾಲ್ಕು ಸುತ್ತು ತುಳಿದು, “ಈಗ ಆರಾಮ ಆತು,” ಎಂದ. ನನ್ನ ಮನಸ್ಸು ನೋಯಬಾರದೆಂದು ಹಾಗೆ ಹೇಳಿದ. ನಾನು ಅದನ್ನೇ ನಂಬಿದಂತೆ ನಟಿಸಿದೆ.

ಲೋಂಡಾ ಮುಟ್ಟಿದಾಗ ಇಳಿಹೊತ್ತು. ಅಳಿಯನ ಮನೆಯಲ್ಲಿ ಅವನು ಚಹ ಕೂಡ ಕುಡಿಯದೆ ಬೋರಲು ಮಲಗಿದ. ನಾನು ಹಿತ್ತಲಿಗೆ ಹೋಗಿ ಒಳಚಡ್ಡಿ ಒಗೆದು, ಯಾರಿಗೂ ಕಾಣದಂತೆ ಟವೆಲ್ಲಿನ ಕೆಳಗೆ ಒಣಹಾಕಿದೆ. ಬೆಳಿಗ್ಗೆ, “ಕ್ಯಾಸಲ್‌ರಾಕ್ ಬ್ಯಾಡ, ಸಾಕ ಮಾಡೂಣು,” ಎಂದೆ. ನನ್ನ ಬಾಯಿಂದ ಬಂದ ಒಳ್ಳೆಯ ಮಾತು ಅದೊಂದೇ. ಅವನು ಕೇಳಲಿಲ್ಲ.

“ಇಷ್ಟ ದೂರ ಬಂದು ತಿರಗೂದು? ನೀ ಚಡ್ಡಿ ಹೊಲದದ್ದ ವ್ಯರ್ಥ ಆಗತೈತಿ. ನಡಿ.”

ಇನ್ನೊಂದು ಸಲ ಒತ್ತಾಯಿಸಿದ್ದರೆ ಕಾರಣ ಹೇಳಬೇಕಾಗುತ್ತಿತ್ತು. ನಡೆದೆ. ಅವತ್ತು ಹೋಗಿ ಬಂದೆವು, ಮರುದಿನ ಖಾನಾಪುರಕ್ಕೆ ಅವನು ಅರ್ಧ ದಾರಿ ಸೈಕಲ್ ನೂಕಿಕೊಂಡೇ ಬಂದ.

ಅವನು ಸುಲಿದ ಗಾಯವನ್ನು ಯಾರಿಗೂ ತೋರಿಸಲಿಲ್ಲ. ಜಾಗ ಅಂಥದು. ಹೆಂಡತಿಗೂ ಹೇಳದೆ, ಅರಿಷಿಣ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಊಟಕ್ಕೂ ನಿಂತೇ ಇರುತ್ತಿದ್ದನಂತೆ. ಜ್ವರ ಬಂದು ನಡುಗಲು ಹತ್ತಿದಾಗ ವೈನಿ ಅತ್ತುಕೊಂಡು ಫೋನ್ ಮಾಡಿದರು. ಬೆಳಗಾವಿಯ ಆಸ್ಪತ್ರೆಗೆ ತಂದೆವು. ಕುರು ಒಳಗೊಳಗೇ ಹರಡಿತ್ತು. ಕೊಯ್ದು ತೆಗೆದರು. ಸಕ್ಕರೆ ಇದ್ದುದರಿಂದ ಗಾಯ ಮಾಯದೆ ಸತಾಯಿಸಿತು. ಒಂದು ಹಂತದಲ್ಲಿ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, ವಿಷ ರಕ್ತಕ್ಕೆ ಏರಿದರೆ ಕಷ್ಟ ಎಂದರು. ಆ ದಿನಗಳಲ್ಲಿ ನಾನು ಮನೆಯಿಂದ ಗಂಜಿ ಒಯ್ಯುತ್ತಿದ್ದೆ. ಪಕ್ಕಕ್ಕೆ ಮಲಗಿದ್ದ ಅವನಿಗೆ ಚಮಚದಿಂದ ಕುಡಿಸುತ್ತಿದ್ದೆ. ವಾರ್ಡಿನವರು ಇಂಥ ಗೆಳೆಯ ಸಿಗಬೇಕು ಎನ್ನುತ್ತಿದ್ದರು.

ಡ್ರೆಸ್ಸಿಂಗ್ ಮಾಡುವಾಗ ಡಾಕ್ಟರಮ್ಮ, “ಸೈಕಲ್ ಹೊಡೀವಾಗ ಏನ ಹಾಕ್ಕೊಂಡಿದ್ರಿ?” ಎಂದು ಕೇಳಿದರು.

“ಚಡ್ಡಿದೇನೂ ತಪ್ಪಿಲ್ರಿ ಬಾಯಾರ. ನಮ್ಮ ದೋಸ್ತ ಹೊಲದಾನ, ಅವನೂ ಅಂಥಾದ್ದ ಹಾಕ್ಕೊಂಡಿದ್ದ. ಅವಗೇನ ಆಗೈತಿ? ನನ್ನ ಸೀಟ ಹಳೇದು,” ಎಂದ ಅವನು.

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಅಲ್ಲಿಯೂ ಬಾಯಿ ಬಿಡಲಿಲ್ಲ.

ಅವನು ಬದುಕಿಕೊಂಡ. ಮನೆಗೆ ಹೋದ. ಗಾಯ ಮಾಯ್ದು, ಮುಂದಿನ ಮಳೆಗಾಲ ಕಳೆದ ಮೇಲೆ ಡಾಕ್ಟರು ನಿಧಾನವಾಗಿ ಸೈಕಲ್ ಹೊಡೆಯಲು ಒಪ್ಪಿದರು. ಅವನ ಫೋನ್ ಬಂತು.

“ಹೊಸಾ ಸೀಟ ಹಾಕಿಸೇನಿ. ಆಸ್ಪತ್ರ್ಯಾಗ ಆ ಚಡ್ಡಿ ಹಾಳ ಮಾಡಿದ್ರು. ಅಳತಿ ಐತಲ್ಲ ನಿನ್ನ ಕಡೆ? ಅಂಥಾದ್ದ ಇನ್ನೊಂದು ಹೊಲಿ. ಈ ಸಲ ಕ್ಯಾಸಲ್‌ರಾಕ್‌ದಾಗ ಕುಂತು ಚಾ ಕುಡಿಯೂಣು.”

ಫೋನ್ ಇಟ್ಟು ಹೊಲಿಗೆ ಯಂತ್ರದ ಮುಂದೆ ಕೂತೆ. ತುಂಡು ಕೂಡಿಸಿ ಹೊಲಿದು, ಇದು ಹೊಸ ನಮೂನೆ ಎಂದು ಹೇಳಿಬಿಡಬಹುದಿತ್ತು. ಅವನು ನಂಬುತ್ತಿದ್ದ. ನಾನು ಹೇಳಿದ್ದನ್ನೆಲ್ಲ ನಂಬುವುದೇ ಅವನ ಕೆಲಸವಾಗಿತ್ತು.

ನೀರಿಗೆ ಹಾಕಿ ಒಣಗಿಸಿದ ಅರಿವೆಯಲ್ಲಿ, ನಡುವೆ ಚೌಕದ ತುಂಡು ಹಾಕಿ, ಸಡಿಲವೂ ಅಲ್ಲದೆ ಬಿಗಿಯೂ ಅಲ್ಲದೆ ಹೊಲಿದೆ. ಅದನ್ನೂ, ಕ್ಯಾಂಪಿನಲ್ಲಿ ಕೊಂಡ ಒಳಚಡ್ಡಿಯನ್ನೂ, ಬದಿ ಸಡಿಲ ಮಾಡಿಕೊಂಡ ನನ್ನ ಹಳೆಯ ಚಡ್ಡಿಯನ್ನೂ ಚೀಲದಲ್ಲಿಟ್ಟುಕೊಂಡು ಬಸ್ಸಿಗೆ ಖಾನಾಪುರಕ್ಕೆ ಹೋದೆ. ಅವನ ಕಾಟಿನ ಮೇಲೆ ಮೂರನ್ನೂ ಇಟ್ಟು, ಎಲ್ಲ ಹೇಳಿದೆ. ಪೀರನವಾಡಿಯಿಂದ ಮೊದಲು ಮಾಡಿ ಲೋಂಡಾದ ಟವೆಲ್ಲಿನವರೆಗೆ.

ಅವನು ಒಳಚಡ್ಡಿಯನ್ನು ಎತ್ತಿ, ಮೆತ್ತನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಮತ್ತೆ ಒತ್ತಿದ. ಬೈಯಲಿಲ್ಲ. ಬೈದಿದ್ದರೆ ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ.

“ಗುಂಜ್ಯಾಗ ಪಾನಾ ಹಿಡದು ಸೀಟ ಇಳಿಸಿದಿ,” ಎಂದ.

“ಹೌದು.”

“ನಾ ನಿನಗ ಬ್ಯಾಸರ ಆಗಬಾರದಂತ ಆರಾಮ ಆತು ಅಂದೆ. ನೀ ನಗಾಕತ್ತಿದ್ದಿ.”

ಅವನು ಒಳಗೆ ಕೂಗಿ, “ಇವ್ರಿಗೆ ಚಾ ಕೊಡು, ಬಸ್ಸಿಗೆ ಹೊತ್ತಾಗತೈತಿ,” ಎಂದ. ಐವತ್ತು ವರ್ಷದ ಗೆಳೆತನದಲ್ಲಿ ಅವನು ನನ್ನನ್ನು ‘ಇವ್ರು’ ಎಂದದ್ದು ಅದೇ ಮೊದಲು. ವೈನಿ ಚಹ ತಂದಿಟ್ಟು ನಮ್ಮಿಬ್ಬರ ಮುಖ ನೋಡಿ ಒಳಗೆ ಹೋದರು. ಹೊಸ ಚಡ್ಡಿ ಕಾಟಿನ ಮೇಲೆಯೇ ಇತ್ತು. ಅವನು ಇಟ್ಟುಕೋ ಎನ್ನಲಿಲ್ಲ, ಒಯ್ಯಿ ಎನ್ನಲೂ ಇಲ್ಲ. ಉಳಿದೆರಡನ್ನು ಚೀಲಕ್ಕೆ ತುಂಬಿಕೊಂಡು ಬಂದೆ.

ಆಮೇಲೆ ಅವನ ಫೋನಿಲ್ಲ. ದೇಸೂರಿಗೆ ಎರಡು ರವಿವಾರ ಹೋಗಿ ಕೂತು ಬಂದೆ. ಚಹದಂಗಡಿಯವನು ಸಕ್ಕರೆ ಇಲ್ಲದ ಚಹ ಯಾರಿಗೆ ಮಾಡಲಿ ಎಂದು ಕೇಳಿದ. ಮೊನ್ನೆ ಧೈರ್ಯ ಮಾಡಿ ವೈನಿಗೆ ಫೋನ್ ಹಚ್ಚಿದೆ.

“ಆರಾಮ ಅದಾರ್ರಿ ಅಣ್ಣಾರ. ಮಲಪ್ರಭಾ ದಂಡಿ ತನಕ ಸೈಕಲ್ ಮ್ಯಾಲೆ ಹೋಗಿ ಬರ್ತಾರ ದಿನಾ.”

“ಏನ ಹಾಕ್ಕೊಂಡ ಹೋಗ್ತಾನ್ರಿ, ವೈನಿ?”

“ಹಳೀ ಖಾಕಿ ಪ್ಯಾಂಟು,” ಎಂದರು. “ನೀವು ಕೊಟ್ಟ ಚಡ್ಡಿ ನಿನ್ನೆ ತಾವ ನೀರಿಗೆ ಹಾಕಿ ಒಣಗಿಸ್ಯಾರ. ಅರಿವಿ ಸಣ್ಣ ಆಗಿ ಬಿಗಿ ಆಗತೈತೇನ ನೋಡ್ತೀನಂದ್ರು.”

ಆ ಅರಿವೆಯನ್ನು ನಾನು ಕತ್ತರಿಸುವ ಮೊದಲೇ ನೀರಿಗೆ ಹಾಕಿದ್ದೆ. ಅದು ಇನ್ನು ಬಿಗಿಯಾಗುವುದಿಲ್ಲ. ಅವನಿಗೆ ತಿಳಿಸಿರಿ ಎಂದು ಬಾಯಿಯವರೆಗೆ ಬಂತು. ಹೇಳಲಿಲ್ಲ. ಈ ಸಲ ನನ್ನ ಮಾತಿನ ಮೇಲೆ ಬೇಡ, ಅವನೇ ನೋಡಿಕೊಳ್ಳಲಿ.