ಸೂಚಕರು ವೆಂಕಟಸ್ವಾಮಿ

ಆರ್‌ಪಿಸಿ ಲೇಔಟಿನ ಒಂದು ಅಡ್ಡರಸ್ತೆಯ ನಿವಾಸಿಗಳ ಸಂಘದಲ್ಲಿ ಹದಿನಾಲ್ಕು ವರ್ಷದಿಂದ ಚುನಾವಣೆಯೇ ನಡೆದಿರಲಿಲ್ಲ. ಎಲ್ಲವೂ ಅವಿರೋಧ. ಆ ಪುಣ್ಯ ವೆಂಕಟಸ್ವಾಮಿಯವರದು. ಸಭೆಗೆ ಹದಿನೈದು ದಿನ ಇರುವಾಗಲೇ ನೋಟಿಸು ಹಿಡಿದು ಮನೆಮನೆ ಸುತ್ತುತ್ತಿದ್ದರು. ಯಾರಿಗೆ ಯಾವ ಹುದ್ದೆ ಎಂಬುದು ವರಾಂಡದಲ್ಲೇ ಇತ್ಯರ್ಥವಾಗುತ್ತಿತ್ತು. ಸಭೆಯ ದಿನ ಎದ್ದು ನಿಂತು ಹೆಸರು ಸೂಚಿಸುವವರೂ ಅವರೇ. ಇಷ್ಟಾಗಿಯೂ ತಾವು ಮಾತ್ರ ಒಂದು ಹುದ್ದೆಯಲ್ಲೂ ಕೂತವರಲ್ಲ.

2006ರಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರಿಗೆ ಆಸೆ ಹುಟ್ಟಿತು: ಒಂದೇ ಒಂದು ಸಲ ತಾವೂ ಅಧ್ಯಕ್ಷರಾಗಬೇಕು. ತಪ್ಪೇನಿದೆ? ಹಾಲಿ ಅಧ್ಯಕ್ಷ ಪದ್ಮನಾಭ ಮನೆ ಬದಲಿಸಿ ಕೆಂಗೇರಿಗೆ ಹೊರಟಿದ್ದರು.

ಅರವತ್ತೆರಡು ಮನೆ ಸುತ್ತಿದರು. ಆದರೆ ಊರವರ ಹೆಸರನ್ನೆಲ್ಲ ಗಟ್ಟಿಯಾಗಿ ಹೇಳುವ ಬಾಯಿಗೆ ಸ್ವಂತ ಹೆಸರು ಬರಲೊಲ್ಲದು. "ಈ ಸಲ ಅನುಭವ ಇರೋರು ಬೇಕು, ಓಡಾಡೋರು ಬೇಕು" ಎಂದು ಮೀಸೆ ತಿರುವಿ ಸುಮ್ಮನಾಗುತ್ತಿದ್ದರು. ಎಲ್ಲ ಕಡೆಯೂ ಒಂದೇ ಉತ್ತರ: "ನೀವು ಹೇಳ್ದಂಗೆ ಆಗ್ಲಿ ಬಿಡಿ ಸಾರ್." ಸೂಚನೆ ಎಲ್ಲರಿಗೂ ಅರ್ಥವಾಯಿತೆಂದುಕೊಂಡು, ಈ ಮಹಾಶಯರು ಬಿಳಿ ಅಂಗಿಯನ್ನು ಇಸ್ತ್ರಿಗೆ ಕೊಟ್ಟರು.

ಭಾನುವಾರ ಪಾರ್ಕಿನ ಶಾಮಿಯಾನ ತುಂಬಿತ್ತು. ಪದ್ಮನಾಭ ಮೈಕ್ ಹಿಡಿದು, "ಅಧ್ಯಕ್ಷರ ಹೆಸರು ಯಾರು ಸೂಚಿಸ್ತೀರಾ?" ಎಂದು ಕೇಳಿದರು.

ಯಾರೂ ಏಳಲಿಲ್ಲ. ಮುಂದಿನ ಸಾಲು ಹಿಂದಕ್ಕೆ ತಿರುಗಿತು, ಹಿಂದಿನ ಸಾಲು ಕತ್ತು ಚಾಚಿತು. ಎಲ್ಲರ ಕಣ್ಣೂ ವೆಂಕಟಸ್ವಾಮಿಯವರ ಮೇಲೆ. ಅವರು ಹೆಸರು ಹೇಳಬೇಕು, ಉಳಿದವರು ಕೈ ಎತ್ತಬೇಕು; ಅವರೇ ಕಲಿಸಿದ ಪಾಠ. ಕೊಟ್ಟ ಮಾತಿಗೆ ಯಾರೂ ತಪ್ಪಿರಲಿಲ್ಲ. ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು.

"ಬೇಗ ಹೇಳಿ ಸಾರ್, ಬಿಸ್ಲು ಏರ್ತಾ ಇದೆ" ಎಂದರು ಮೂಲೆಮನೆ ಹನುಮಕ್ಕ.

ವೆಂಕಟಸ್ವಾಮಿ ಎದ್ದರು. ಗಂಟಲು ಸರಿಮಾಡಿಕೊಂಡು, "ನಾನು ವೆಂಕಟಸ್ವಾಮಿ ಹೆಸರು ಸೂಚಿಸ್ತೀನಿ. ಈ ಕೆಲ್ಸಕ್ಕೆ ಅವ್ರಿಗಿಂತ ಒಳ್ಳೇರು ಇಲ್ಲಿ ಇಲ್ಲ. ಇಷ್ಟು ವರ್ಷದಿಂದ ಹತ್ರದಲ್ಲೇ ನೋಡ್ತಾ ಇದೀನಿ" ಎಂದರು.

ಎಲ್ಲೆಲ್ಲೂ ನಗು, ಶಾಮಿಯಾನದ ತುಂಬ ಎತ್ತಿದ ಕೈಗಳು. ಹನುಮಕ್ಕ ಮಾತ್ರ ನಗಲಿಲ್ಲ. ಕೈ ಎತ್ತಿಕೊಂಡೇ ಗದರಿದರು:

"ಪ್ರತಿ ಸಲಾನೂ ನಿಮ್ ಹೆಸ್ರೇ ಹೇಳೋಣ ಅನ್ಕೋತಿದ್ವಿ ಸಾರ್. ನಿಮಗೆ ಇಷ್ಟ ಇಲ್ವೇನೋ ಅಂತ ಸುಮ್ನಾಗ್ತಿದ್ವಿ!"