ಅಜ್ಜಿಯ ಇಪ್ಪತ್ತಮೂರು ತಪ್ಪುಗಳು

1959ನೇ ಇಸವಿಯ ನನ್ನ ನೋಟುಪುಸ್ತಕದಲ್ಲಿ ಒಂದು ಹಾಳೆ ಇಲ್ಲ. ಪುಟಗಳಿಗೆ ನಂಬರು ಹಾಕಿದವಳು ನಾನೇ ಆದ್ದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ. ಹದಿನೆಂಟಾದ ಮೇಲೆ ಇಪ್ಪತ್ತೊಂದು ಬರುತ್ತದೆ.

ಆಗ ನನಗೆ ಹದಿನಾರು ವರ್ಷ. ನಮ್ಮ ಕ್ರೈಸ್ತ ಸಭೆಯಲ್ಲಿ ಆ ವಯಸ್ಸಿನವರಿಗೆ ದೃಢೀಕರಣದ ಪಾಠ ನಡೆಯುತ್ತಿತ್ತು. ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರದಂದು ಇಡೀ ಸಭೆಯ ಎದುರು ಪ್ರಶ್ನೆಗಳಿಗೆ ಉತ್ತರ ಹೇಳಿದರೆ, ಆ ದಿನವೇ ಮೊದಲ ಬಾರಿಗೆ ದೊಡ್ಡವರೊಂದಿಗೆ ಮೊಣಕಾಲೂರಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬಹುದು. ಅಜ್ಜಿಯ ಪಕ್ಕದಲ್ಲೇ ಮೊಣಕಾಲೂರಬೇಕೆಂದು ನಾನು ಎರಡು ವರ್ಷದಿಂದ ಕಾದಿದ್ದೆ.

ಸಭಾಪಾಲಕರನ್ನು ನಾವು ಅಯ್ಯನವರು ಎನ್ನುತ್ತಿದ್ದೆವು. ಫೆಬ್ರವರಿ ಎಂಟರಂದು ಅವರು ನಮ್ಮ ಒಂಬತ್ತು ಮಂದಿಗೂ ಒಂದೊಂದು ನೋಟುಪುಸ್ತಕ ಇಡಲು ಹೇಳಿದರು. ಅದರಲ್ಲಿ ಮೂರು ಕಾಲಂ: ಸತ್ಯವೇದದಲ್ಲಿ ಓದಿದ್ದು, ಬಾಯಿಪಾಠ ಮಾಡಿದ್ದು, ಅದರಂತೆ ನಡೆದದ್ದು.

"ಮೊದಲಿನ ಎರಡನ್ನು ತುಂಬಿಸುವವರು ವಿದ್ಯಾರ್ಥಿಗಳು. ಮೂರನೆಯದನ್ನು ತುಂಬಿಸುವವರು ಶಿಷ್ಯರು," ಎಂದರು.

ಮೊದಲಿನ ಎರಡು ನನಗೆ ನೀರು ಕುಡಿದಷ್ಟು ಸುಲಭ. ದಿನಕ್ಕೆ ಮೂರು ಅಧ್ಯಾಯ, ವಾರಕ್ಕೆ ಐದು ವಚನ. ಮೂರನೆಯದರಲ್ಲಿ ಮೊದಲ ದಿನ, "ತಂಗಿಗೆ ಪೆನ್ಸಿಲ್ ಕೊಟ್ಟೆ" ಎಂದು ಬರೆದೆ. ಎರಡನೆಯ ದಿನ, "ಪೆನ್ಸಿಲ್ ವಾಪಸ್ ಕೇಳಲಿಲ್ಲ." ಮೂರನೆಯ ದಿನಕ್ಕೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ಆ ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ದಾರಿ ಸಿಕ್ಕಿತು. ನಮ್ಮ ಮನೆಯಲ್ಲಿ ಚಾಪೆಯ ಮೇಲೆ ಸುತ್ತ ಕುಳಿತು ಒಬ್ಬೊಬ್ಬರಾಗಿ ಓದುವುದು ವಾಡಿಕೆ. ಅಜ್ಜಿಗೆ ಅಕ್ಷರ ಬಾರದು. ಹುಡುಗಿಯಾಗಿದ್ದಾಗಲೇ ಹಂಚಿನ ಕಾರ್ಖಾನೆಗೆ ಸೇರಿ ಹಸಿ ಹಂಚು ಹೊತ್ತವರು. ಕಿವಿಯಲ್ಲಿ ಕೇಳಿದ್ದನ್ನು ನೆನಪಿನಿಂದ ಹೇಳುತ್ತಿದ್ದರು. ಆ ದಿನ ಐದು ರೊಟ್ಟಿ ಮತ್ತು ಎರಡು ಮೀನಿನಿಂದ ಸಾವಿರಾರು ಜನ ಉಂಡ ಕಥೆ. ಅಜ್ಜಿ ಕಣ್ಣುಮುಚ್ಚಿ, "ಐದು ರೊಟ್ಟಿ, ಎರಡು ಬಂಗುಡೆ," ಎಂದರು.

"ಅಜ್ಜಿ, ಮೀನು ಅಂತ ಮಾತ್ರ ಉಂಟು. ಬಂಗುಡೆ ಅಂತ ಇಲ್ಲ."

"ಮತ್ತೆಂತ? ಅಷ್ಟು ಜನಕ್ಕೆ ದುಬಾರಿ ಅಂಜಲ್ ಹಾಕ್ತಾರಾ ಮಾರಾಯ್ತಿ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹಿರಿಯರ ತಪ್ಪು ತಿದ್ದುವುದೂ ಸೇವೆಯೇ ಎಂದು ತೀರ್ಮಾನಿಸಿ, ಮೂರನೆಯ ಕಾಲಮಿನಲ್ಲಿ "ಅಜ್ಜಿಯ ತಪ್ಪು: ಒಂದು" ಎಂದು ಬರೆದೆ. ಆಮೇಲೆ ಆ ಕಾಲಮಿಗೆ ಬರವೇ ಬರಲಿಲ್ಲ. ಅಜ್ಜಿಯ ಬಾಯಲ್ಲಿ ಕಳೆದುಹೋದ ಕುರಿ ಆಡಾಗುತ್ತಿತ್ತು. ಬಿರುಗಾಳಿಗೆ ಸಿಕ್ಕ ದೋಣಿ ನಮ್ಮೂರಿನ ಬೆಂಗ್ರೆಯ ದಡಕ್ಕೆ ಬರುತ್ತಿತ್ತು. ಎಲ್ಲವನ್ನೂ ತಾರೀಖು ಹಾಕಿ ಒಂದೇ ಹಾಳೆಯಲ್ಲಿ ಪಟ್ಟಿ ಮಾಡಿದೆ.

ಮಾರ್ಚ್ ಹತ್ತು, ಮಂಗಳವಾರ, ಅಯ್ಯನವರು ಮನೆಗೆ ಬಂದರು. ಅಜ್ಜಿ ಕಾಫಿ ತಂದಿಡುವ ಹೊತ್ತಿಗೆ ಅವರು ನನ್ನ ನೋಟುಪುಸ್ತಕ ತೆರೆದು ಗಟ್ಟಿಯಾಗಿ ಓದತೊಡಗಿದ್ದರು.

"ಅಜ್ಜಿಯ ತಪ್ಪು, ಒಟ್ಟು ಇಪ್ಪತ್ತಮೂರು." ಅವರು ಕನ್ನಡಕ ತೆಗೆದರು. "ಇದು ನೀನು ನಡೆದದ್ದಾ ಮಗಾ, ಅಜ್ಜಿ ನಡೆದದ್ದಾ?"

ಅಜ್ಜಿ ಲೋಟ ಇಟ್ಟು ಒಳಗೆ ಹೋದರು. ಆ ಸಂಜೆ ಅವರ ಸರದಿ ಬಂದಾಗ, "ಮುಂದಿನವರು ಓದಿ," ಎಂದರು. ಮರುದಿನವೂ ಅಷ್ಟೇ. ಹೀಗೆ ಹನ್ನೊಂದು ಸಂಜೆ. ನಾನು ಎಣಿಸಿದ್ದೇನೆ.

ನಮ್ಮ ಸಭೆಯಲ್ಲಿ ಇನ್ನೊಂದು ಕ್ರಮವಿತ್ತು. ಭೋಜನಕ್ಕೆ ಬರುವವರು ಹಿಂದಿನ ದಿನ ಅಯ್ಯನವರ ಜಗಲಿಗೆ ಹೋಗಿ ಹೆಸರು ಕೊಡಬೇಕು. ಯಾರೊಂದಿಗಾದರೂ ಜಗಳವಿದ್ದರೆ ರಾಜಿಯಾಗುವವರೆಗೆ ಹೆಸರು ಕೊಡುವಂತಿಲ್ಲ. ಗರಿಗಳ ಭಾನುವಾರಕ್ಕೆ ಮುಂಚಿನ ಶುಕ್ರವಾರ ಅಮ್ಮ ನನ್ನನ್ನು ಕರೆದು, "ಅಜ್ಜಿ ಈ ಸಲ ಹೆಸರು ಕೊಡುವುದಿಲ್ಲವಂತೆ," ಎಂದರು. ನನಗೆ ತಿಳಿದ ಮಟ್ಟಿಗೆ ಅಜ್ಜಿ ಒಂದು ಭೋಜನವನ್ನೂ ತಪ್ಪಿಸಿದವರಲ್ಲ. ಅಡುಗೆಮನೆಗೆ ಓಡಿದೆ.

"ಅಜ್ಜಿ, ಯಾರೊಟ್ಟಿಗೆ ಜಗಳ ನಿಮಗೆ?"

"ನಿನ್ನ ಪುಸ್ತಕದಲ್ಲಿ ಬರೆದಿರ್ಬಹುದು, ನೋಡು."

ಜಗಳ ಅವರಿಗೆ ಇದ್ದ ಮೇಲೆ ನನಗೂ ಇದ್ದಂತೆಯೇ. ಅಂದರೆ ನಾನೂ ಹೆಸರು ಕೊಡುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಜ್ಜಿ ಇಲ್ಲದ ಆ ಸಾಲಿನಲ್ಲಿ ಮೊಣಕಾಲೂರಿ ನಾನು ಮಾಡುವುದೇನು?

ಶನಿವಾರ ಬೆಳಿಗ್ಗೆ ಅಜ್ಜಿ ಹೊಸ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಎದುರಿಗೆ ಕುಳಿತೆ. ರಾತ್ರಿಯೆಲ್ಲ ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ತಪ್ಪಾಯ್ತು ಅಜ್ಜಿ."

ಅಜ್ಜಿ ಒಂದು ತೆಂಗಿನ ಗೆರಟೆಯನ್ನು ನನ್ನ ಮುಂದೆ ತಳ್ಳಿದರು. ಅದರ ತುಂಬ ಹುಣಸೆಬೀಜ.

"ಎಣಿಸು. ನಿನಗೆ ಅದು ಬರ್ತದಲ್ಲ."

ಮೂವತ್ತೇಳು ಇದ್ದವು.

"ನಂಗೆ ಬರೀಲಿಕ್ಕೆ ಬರುದಿಲ್ಲ. ಹಾಗೆ ಬೀಜ ಹಾಕಿದ್ದು." ಒಂದೊಂದೇ ಬೀಜ ಎತ್ತಿ ತೋರಿಸತೊಡಗಿದರು. "ಇದು ತಂಗಿಗೆ ಬೈದದ್ದು. ಇದು, ಬಾವಿಯಿಂದ ಎರಡು ಕೊಡ ನೀರು ತಾ ಅಂದ್ರೆ ಅಧ್ಯಾಯ ಮುಗೀಲಿ ಅಂದದ್ದು. ಇದೂ ಅದೇ. ಇದೂ ಅದೇ. ಇದು ಮೀನಿನವಳನ್ನು ಗೇಟಿನಲ್ಲೇ ನಿಲ್ಲಿಸಿ ಓದ್ತಾ ಕೂತದ್ದು. ನಿಂದು ಒಂದು ತಿಂಗಳಿಗೆ ಇಪ್ಪತ್ತಮೂರು. ನಂದು ಹನ್ನೊಂದು ದಿನಕ್ಕೆ ಮೂವತ್ತೇಳು. ಈಗ ಹೇಳು, ಯಾರು ಹುಷಾರು?"

"ನೀವೇ," ಎಂದೆ. ಅಳು ಬರುತ್ತಿತ್ತು, ನಗುವೂ.

ನೋಟುಪುಸ್ತಕ ತಂದು ತಪ್ಪುಗಳ ಪಟ್ಟಿಯಿದ್ದ ಹಾಳೆ ಹರಿದು ಅವರ ಕೈಗೆ ಕೊಟ್ಟೆ. ಅಜ್ಜಿ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. ಒಲೆ ಹೊತ್ತಿಸಲು ಅದೇ ಸಾಕಾಯಿತು. ಮಣ್ಣಿನ ಓಡಿಟ್ಟು, ಗೆರಟೆಯ ಬೀಜಗಳನ್ನೆಲ್ಲ ಸುರಿದು ಸಿಪ್ಪೆ ಬಿರಿಯುವವರೆಗೆ ಹುರಿದರು. ಇಬ್ಬರೂ ಕಟಕಟನೆ ಅಗಿದೆವು. ಏಳನೆಯದಕ್ಕೆ ಅಜ್ಜಿ ನನ್ನ ಕೈಗೆ ಹೊಡೆದು, "ತಿನ್ನುವಾಗ ಎಣಿಸ್ಬೇಡ," ಎಂದರು.

ನಾಲ್ಕು ಗಂಟೆಗೆ ಅಯ್ಯನವರ ಜಗಲಿಯಲ್ಲಿ ಎಲ್ಲರಿಗೂ ಕೇಳುವ ಪ್ರಶ್ನೆ ನಮಗೂ ಬಂತು: ಯಾರ ಮೇಲಾದರೂ ಮನಸ್ತಾಪ ಉಂಟೋ?

"ಇತ್ತು," ಎಂದರು ಅಜ್ಜಿ. "ಮಧ್ಯಾಹ್ನದ ಒಳಗೆ ಹುರಿದು ತಿಂದಾಯ್ತು."

ಅಯ್ಯನವರು ನನ್ನ ಮುಖ ನೋಡಿ, ಹೆಚ್ಚೇನೂ ಕೇಳದೆ ಎರಡು ಹೆಸರು ಬರೆದುಕೊಂಡರು.

ಆ ಸಂಜೆ ಚಾಪೆಯ ಮೇಲೆ ಅಜ್ಜಿಯ ಸರದಿ ಬಂತು. ಅವರು ಕಣ್ಣುಮುಚ್ಚಿ ಬೇಕೆಂದೇ ಅದೇ ಕಥೆ ಹಿಡಿದರು. "ಐದು ರೊಟ್ಟಿ, ಎರಡು..." ಎಂದು ನಿಲ್ಲಿಸಿ, ಒಂದೇ ಕಣ್ಣು ತೆರೆದು ನನ್ನ ಕಡೆ ನೋಡಿದರು.

"ಬಂಗುಡೆ," ಎಂದೆ ನಾನು.